ನಿಂಬೆಕಾಯಿ ಹಾಡಿನ ಕೊನೆಯ ಸಾಲು

ಮೆಲೆನೈತೆ,

ನೀನು ಇದನ್ನು ಓದುವುದಿಲ್ಲ, ಗೊತ್ತು. ಆದರೆ ಇವತ್ತಿನದನ್ನು ಇನ್ಯಾರಿಗೆ ಹೇಳಲಿ? ನಮ್ಮ ದ್ವೀಪದ ನೂಕುಅಲೋಫಾ ಬಂದರಿಗೆ ಪ್ರವಾಸಿಗರ ಹಡಗು ಬಂದಿತ್ತು. ಬಂದರಿನ ಬೀದಿಯಲ್ಲಿ ನೀನು ಆಟ ತೋರಿಸುತ್ತ ನಿಲ್ಲುತ್ತಿದ್ದ ಜಾಗ, ನೀನು ತೀರಿಕೊಂಡ ಮೇಲೆ ಬೇರೆಯವರ ಪಾಲಾಗಬಾರದೆಂದು ನಾನೇ ಹೋಗಿ ನಿಂತು, ನಾಲ್ಕು ನಿಂಬೆಕಾಯಿ ಎಸೆದು ಹಿಡಿಯತೊಡಗಿದೆ.

"ಏನ್ ತಾತ, ಈ ಕಾಯಿ ಎಸೆಯೋ ಹಿಕೊ ಹೆಣ್ಮಕ್ಕಳ ಆಟ ಅಲ್ವಾ? ಜಡೆ ಎಲ್ಲಿ?" ಎಂದ ಟ್ಯಾಕ್ಸಿಯ ಸಿಯೋಸೈಯಾ. ನಾನೂ ನಿನ್ನ ಆಟವನ್ನು ಹೀಗೆಯೇ ಆಡಿಕೊಳ್ಳುತ್ತಿದ್ದೆನಲ್ಲ.

"ಲೇಡೀಸ್ ಅಂಡ್ ಜಂಟಲ್‌ಮೆನ್, ಬಿಹೋಲ್ಡ್!" ಎಂದೆ. ಮುಂದೆ ಹೇಳಬೇಕಾದ ಇಂಗ್ಲಿಷನ್ನು ಕಾಲೇಜಿನಲ್ಲಿ ಕಲಿತಿದ್ದೆ. ಈಗ ಮೇಷ್ಟರ ಮುಖ ನೆನಪಿದೆ, ಮಾತಿಲ್ಲ. ಆದರೂ ಜನ ನೆರೆದರು. ನಿನ್ನ ಹಾಡು ಹೇಳುತ್ತ ಎಸೆದೆ. ಹಾಡು ಮುಗಿದರೆ ತಾನೇ ಕಾಯಿ ಹಿಡಿದು ನಿಲ್ಲಿಸುವುದು? ಕೊನೆಯ ಸಾಲೇ ನನಗೆ ಗೊತ್ತಿಲ್ಲ. ಯಾವತ್ತೂ ನಿಂತು ಪೂರ್ತಿ ಕೇಳಿದವನಲ್ಲ. ಮತ್ತೆ ಮೊದಲಿನಿಂದ ಹೇಳಿದೆ. ಮತ್ತೂ ಒಮ್ಮೆ. ಭುಜ ಉರಿಯುತ್ತಿತ್ತು. ಸುತ್ತಲೂ ಗೋಡೆಯಂತೆ ನಿಂತ ಜನ ಅದನ್ನೇ ಕೈಚಳಕವೆಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ನಿನ್ನ ತಂಗಿ ಸೇಯಿನಿ ಪಕ್ಕದಲ್ಲೇ ಚಾಪೆ ಮಾರುತ್ತ ಕೂತಿದ್ದಳು.

"ಕೊನೆ ಸಾಲು ಹೇಳೇ, ಸೇಯಿನಿ!"

"ಅದಕ್ಕೆಲ್ಲಿದೆ ಭಾವ ಕೊನೆ ಸಾಲು? ಅಕ್ಕ ಅದನ್ನೇ ತಿರುಗಾ ಮುರುಗಾ ಹಾಡ್ತಿದ್ಲು. ನೀವು ಗೆಳೆಯರ ಜೊತೆ ಕವಾ ಕುಡಿದು, ಅವಳನ್ನ ಮನೆಗೆ ಕರ್ಕೊಂಡು ಹೋಗೋಕೆ ಬರೋದು ಕಂಡ್ರೆ ನಿಲ್ಲಿಸ್ತಿದ್ಲು."

ಕವಾ ಕೂಟದಿಂದ ನಾನು ಎಷ್ಟು ಹೊತ್ತಿಗೆ ಏಳುತ್ತಿದ್ದೆ ಎಂಬುದು ನಿನಗೆ ಗೊತ್ತೇ ಇದೆ.

ನಾನು ಬರುತ್ತಿದ್ದ ಬೀದಿಯ ಆ ತುದಿಯ ಕಡೆಗೇ ನೋಡುತ್ತ, ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದೆ.