ಮೊನ್ನೆ ತಡವಾದದ್ದು ಬಸ್ಸಿನಿಂದಲ್ಲ

ಝೇವಿಯರ್,

ಗಂಜಿ ಕುಕ್ಕರಿನಲ್ಲಿ ಉಂಟು. ಗ್ಯಾಸ್ ಆಫ್ ಮಾಡಿದ್ದೇನಾ ಅಂತ ಮೂರು ಸಲ ನೋಡಿದೆ, ನೀವೂ ಒಮ್ಮೆ ನೋಡಿ.

ಮೊನ್ನೆ ಬಸ್ಸು ಕೆಟ್ಟಿತು ಅಂದದ್ದು ಸುಳ್ಳು. ನಮ್ಮ ಶಕ್ತಿನಗರದ್ದು ಅಂತ ಹತ್ತಿ ನದಿಯಾಚೆ ತೊಕ್ಕೊಟ್ಟಿನಲ್ಲಿ ಇಳಿದೆ. ನಮ್ಮ ಮನೆ ಯಾವ ಕಡೆ ಅಂತ ಒಂದು ಗಂಟೆ ಹೊಳೆಯಲೇ ಇಲ್ಲ. “ವಯಸ್ಸಾದರೆ ಎಲ್ಲರೂ ಮರೀತಾರೆ ಮಾರಾಯ್ತಿ” ಅಂತೀರಿ. ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು, ಇದು ಬರೀ ಮರೆವಲ್ಲ.

ಹತ್ತೂವರೆಗೆ ಕೊಟ್ಟಾರದಲ್ಲಿ ಮೆದುಳಿನ ಡಾಕ್ಟರನ್ನು ನೋಡ್ಲಿಕ್ಕುಂಟು. ಅಡ್ರೆಸ್ ಈ ಚೀಟಿಯ ಹಿಂದೆ ಬರೆದಿದ್ದೇನೆ. ದುಬೈಗೆ ಫೋನ್ ಮಾಡಿ ಮಗಳನ್ನು ಹೆದರಿಸಬೇಡಿ.

ನೀವಿದ್ದರೆ ಬೇಡ ಅಂತೀರಿ, ಅದಕ್ಕೇ ನೀವು ಮೀನಿಗೆ ಹೋದಾಗ ರಿಕ್ಷಾ ಕರೆದೆ. ಒಬ್ಬಳೇ ಹೋಗಿ ಬರ್ತೇನೆ ಅಂತ ಬರೆಯಲು ಕೂತದ್ದು, ಆದರೆ ಒಳಗೆ ಹೋಗಲು ಧೈರ್ಯ ಸಾಲದು. ಮೀನು ಫ್ರಿಜ್ಜಿನಲ್ಲಿಟ್ಟು ಬನ್ನಿ. ನೀವು ಬರುವವರೆಗೆ ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲೇ ಕೂತಿರ್ತೇನೆ.

ಮಾರ್ಸೆಲಿನ್