ಅಪ್ಪ ಸಹಿ ಹಾಕಿದ ಆರು ವರದಿಗಳು

ಅಪ್ಪಾ,

ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಕಿಟಕಿಯ ಹತ್ತಿರ ಹೋಗಿ ಓದು.

ಅಡುಗೆ ಆಗಿದೆ, ತಟ್ಟೆ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಲು ಹೋಗಬೇಡ, ಹಾಗೇ ಊಟ ಮಾಡು. ಕಣ್ಣಿನ ಹನಿ ಫ್ರಿಜ್ಜಿನ ಬಾಗಿಲಲ್ಲಿದೆ. ದಿನಾ ಹಾಕಿಕೊಳ್ಳುತ್ತೇನೆ ಅನ್ನುತ್ತೀಯ, ಬಾಟಲಿಯ ಮುಚ್ಚಳವನ್ನೇ ತೆರೆದಿಲ್ಲ.

ನಾನು ಕಟ್ಟಡ ಮೌಲ್ಯಮಾಪಕರ ಮಂಡಳಿಗೆ ಹೊರಟಿದ್ದೇನೆ. ನನ್ನ ಮಾನ್ಯತೆಗೆಂದು ಅಲ್ಲಿ ಕೊಟ್ಟ ಐವತ್ತು ಮನೆ ತಪಾಸಣೆ ವರದಿಗಳಲ್ಲಿ ಆರನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಗುರು ಎಂದು ನೀನು ಸಹಿ ಹಾಕಿದ ಕೊನೆಯ ಆರು.

ಆ ಮೂಲೆ ಮನೆ ನೆನಪಿದೆಯಾ? ನೀನು ಗೋಡೆ ತಟ್ಟಿ, ಕಿವಿಗೊಟ್ಟು ಕೇಳಿ, "ಗಟ್ಟಿ ಇದೆ ಕಣೇ, ಬಿರುಕಿಲ್ಲ ಅಂತ ಬರಿ" ಅಂದೆ. ನಾನು ಬರೆದೆ. ಕಿಟಕಿಯ ಕೆಳಗೆ ನನ್ನ ಕಿರುಬೆರಳು ತೂರುವಷ್ಟು ಬಿರುಕಿತ್ತು. ನನಗೆ ಅವತ್ತೇ ಕಂಡಿತ್ತು. ನಿನಗೆ ಕಾಣಲಿಲ್ಲ ಅನ್ನುವುದೂ ಕಂಡಿತ್ತು. ಎರಡನ್ನೂ ನುಂಗಿಕೊಂಡು ಸುಮ್ಮನಿದ್ದೆ. ಈಗ ಆ ವರದಿ ನಂಬಿ ಯಾರೋ ಕೂಸನ್ನು ಕಟ್ಟಿಕೊಂಡು ಆ ಮನೆಗೆ ಬರುವವರಿದ್ದಾರೆ.

ಮಂಡಳಿಯವರು ಕಾರಣ ಕೇಳುತ್ತಾರೆ. ಹೇಳಲೇಬೇಕು. ನನ್ನ ಮಾನ್ಯತೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಹೋಗಲಿ. ನಿನ್ನದು ಉಳಿಯುವುದಿಲ್ಲ. ಮೂವತ್ತು ವರ್ಷದ ಹೆಸರು. ಕಣ್ಣು ಮಂಜಾಗಿದೆ ಅಂತ ನನಗೊಬ್ಬಳಿಗಾದರೂ ಹೇಳಬಾರದಿತ್ತಾ?

ಸಂಜೆಯೊಳಗೆ ಬರುತ್ತೇನೆ. ಬೈಯುವುದಿದ್ದರೆ ಆಗ ಬೈ.

ನಿನ್ನ ಅಳತೆ ಟೇಪು, ಸೀಲು ಎರಡೂ ನನ್ನ ಚೀಲದಲ್ಲಿವೆ. ಹುಡುಕುತ್ತಾ ಹೋಗಿ ಮತ್ತೆ ಮೇಜಿಗೆ ಮೊಣಕಾಲು ಬಡಿಸಿಕೊಳ್ಳಬೇಡ.