ಜರ್ಮನಿಯಾಂವನ ಕುತ್ತಿಗಿ

ಜನವರಿ 6, ಮಂಗಳವಾರ. ಬೆಳಿಗ್ಗೆ

ಕಣದ ಮಣ್ಣು ಅಗಿಸಿದೆ. ಎರಡು ಕೊಡ ಮಜ್ಜಗಿ, ಎಣ್ಣಿ, ಅರಿಷಿಣ, ನಿಂಬಿಹಣ್ಣು ಹಾಕಿ ತುಳಿಸಿದೆ. ಮಣ್ಣು ಮೆತ್ತಗಾತು. ಹುಡುಗ್ರು ಅದಕ್ಕಿಂತ ಮೆತ್ತಗದಾರ. ಒಬ್ಬಾಂವ ಮುನ್ನೂರು ಬಸ್ಕಿಗೇ ಕುಂತ. ಮೀನಖಂಡಕ್ಕ ಕೈಯಾಗಿನ ಬಡಗಿ ಕೋಲಿಲೆ ಎರಡು ಬಿಟ್ಟೆ. ಎದ್ದ. ಮತ್ತ ಇನ್ನೂರು ಹೊಡದ. ಅಂದ್ರ ಕಸುವು ಇತ್ತು ಒಳಗ. ಬಡಗಿ ಬಂದು ತಗೀಬೇಕಾತು.

ಕೊಟ್ರೇಶ ಒಬ್ಬನ ಪೈಲವಾನ. ಕುರ್ತಕೋಟಿಯಿಂದ ಕತ್ತಲದಾಗ ಸೈಕಲ್ ತುಳಕೊಂತ ಬರ್ತಾನ. ಇಪ್ಪತ್ನಾಕು ವರ್ಷ. ಬೆಟಗೇರಿಯ ಈ ಗರಡಿಗೆ ನಾ ವಸ್ತಾದ ಆಗಿ ಮೂವತ್ತೆಂಟು ವರ್ಷ ಆತು, ಇಂಥಾವ ಬಂದಿಲ್ಲ. ಅವಗ ಹೇಳಿಲ್ಲ. ಹೇಳಿದ್ರ ಕೆಡ್ತಾನ.

ವಾಣಿಶ್ರೀ — ಮಗನ ಮಗಳು, ಆಟದ ಮಾಸ್ತರಕಿ ಆಗಾಕ ಓದಾಕತ್ತಾಳ — ಗ್ವಾಡಿಗೆ ಹೊಸಾ ಫೋಟೋ ತಂದ್ಲು. ಈಗ ಐದಾದ್ವು. ಕರಾಡದ ಖಾಶಾಬಾ ಜಾಧವ, ಹೆಲ್ಸಿಂಕಿ ಒಲಿಂಪಿಕ್ ಕುಸ್ತ್ಯಾಗ ಕಂಚು. ಅಮೆರಿಕಾದ ಬಾಕ್ಸರ್ ಅಲಿ, ದವಡಿ ಮುರದರೂ ಹನ್ನೆರಡು ಸುತ್ತು ನಿಂತಾಂವ. ಹಂಗೇರಿಯಾಂವ ಒಬ್ಬ, ಬಲಗೈ ಬಾಂಬಿಗೆ ಹೋತು, ಎಡಗೈಲೆ ಪಿಸ್ತೂಲ ಹಾರಿಸಿ ಬಂಗಾರ ತಂದ. ಜಪಾನಿನ ಜಿಮ್ನಾಸ್ಟ್ ಫುಜಿಮೊಟೊ, ಮೊಣಕಾಲ ಚಿಪ್ಪು ಒಡದಿತ್ತು, ರಿಂಗ್ ಮ್ಯಾಲಿಂದ ಜಿಗದು ನಿಂತ. ಕಡೀದು ಜರ್ಮನಿಯ ಗೋಲಕೀಪರ್ ಟ್ರಾಟಮನ್. ಇಂಗ್ಲಂಡದಾಗ ಫೈನಲ್ ಮ್ಯಾಚು. ಹದಿನೇಳು ನಿಮಿಷ ಬಾಕಿ ಇದ್ದಾಗ ಕುತ್ತಿಗಿ ಮುರೀತು. ಆಡಿದ. ಗೆದ್ರು.

ಅವನ ಹೆಸರು ನನ್ನ ಬಾಯಾಗ ಹೊಳ್ಳೂದಿಲ್ಲ. ಜರ್ಮನಿಯಾಂವ ಅಂತೀನಿ.

ಜನವರಿ 9, ಶುಕ್ರವಾರ

ಪುಂಡಲೀಕಪ್ಪ ಬಂದಿದ್ದ, ಲಕ್ಷ್ಮೇಶ್ವರದ ವಸ್ತಾದ. ಅವನ ಕೂಡ ಅವನ ಶಿಷ್ಯಾ, ಅಡರಕಟ್ಟಿಯ ಸುದೀಪ. ಎಮ್ಮಿ ಕೋಣ ಇದ್ದಂಗ ಅದಾನ.

"ಏನೋ ಹುಚ್ಚೀರಪ್ಪಾ, ಇನ್ನೂ ಜೀವಂತ ಅದಿ?"

"ನೀ ಹೋಗೂತನಕ ಇರತೀನಿ. ನಿನ್ನ ಹೆಣಾ ಹೊರಾಕ ಒಬ್ಬರರೆ ಗಟ್ಟಿಮುಟ್ಟಿ ಇರಬೇಕಲಾ."

ಕೊಟ್ರೇಶಗೂ ಸುದೀಪಗೂ ಜೋಡಿ ಹಚ್ಚಿದ್ವಿ. ನಮ್ಮಲ್ಲಿ ತಕ್ಕಡಿ ಇಲ್ಲ. ಎದುರಿನ ಪೈಲವಾನನ ಕುತ್ತಿಗಿ ಮ್ಯಾಲೆ ವಸ್ತಾದ ಕೈ ಇಡತಾನ, ಆಮ್ಯಾಲೆ ತೊಡಿ ಮ್ಯಾಲೆ. ಕೈ ಹೂಂ ಅಂದ್ರ ಜೋಡಿ. ಅವನ ಕೈ ಹೂಂ ಅಂತು, ನಂದೂ ಅಂತು. ಫೆಬ್ರವರಿ ಒಂದು, ಲಕ್ಷ್ಮೇಶ್ವರದ ಮೈದಾನ. ನಿಕಾಲಿ ಕುಸ್ತಿ. ಟೈಮಿಲ್ಲ, ಪಾಯಿಂಟಿಲ್ಲ. ಒಬ್ಬನ ಬೆನ್ನು ಮಣ್ಣಿಗೆ ಹತ್ತಬೇಕು.

ಇಲ್ಲಾ ಪಟಗಾ ಬೀಳಬೇಕು. ಶಿಷ್ಯಾಗ ಆಗೂದಿಲ್ಲ ಅನಿಸಿದ್ರ ವಸ್ತಾದ ತನ್ನ ತಲಿ ಪಟಗಾ ಬಿಚ್ಚಿ ಕಣಕ್ಕ ಒಗೀತಾನ. ಕುಸ್ತಿ ಮುಗೀತು, ಶಿಷ್ಯಾ ಸೋತ. ಒಗದಾಂವ ಸಾಯೂತನಕ ಮತ್ತ ಪಟಗಾ ಸುತ್ತಂಗಿಲ್ಲ.

ಎಂಬತ್ನಾಕನೇ ಇಸವಿ, ಶಿರಹಟ್ಟಿ. ಪುಂಡಲೀಕಪ್ಪನ ಬಲಗೈ ಹಿಂದಕ್ಕ ತಿರುವಿ ಕೂತಿದ್ದೆ. ಕೀಲು ಬಿಟ್ಟಿದ್ದು ಕೈಗೆ ಗೊತ್ತಾತು, ಆದ್ರೂ ತಿರುವಿದೆ. ಅವನ ವಸ್ತಾದ ಪಟಗಾ ಒಗದ. ಆ ಮುದುಕ ಸಾಯೂತನಕ ಬೋಳು ತಲೀಲೆ ತಿರಗ್ಯಾಡಿದ. ನಲವತ್ತೊಂದು ವರ್ಷದಿಂದ ಇವರಿಗೆ ಬೋಳ್ಯಾರ ಗರಡಿ ಅಂತನ ಕರೀತೀನಿ. ಇವತ್ತೂ ಅಂದೆ. ಪುಂಡಲೀಕಪ್ಪ ನಕ್ಕ. ಚಾದ ಕಪ್ಪು ಎಡಗೈಲೆ ಎತ್ತಿದ. ಬಲಗೈ ಅವಂದು ಹೆಗಲ ಮ್ಯಾಲೆ ಏಳೂದಿಲ್ಲ.

ಜನವರಿ 13, ಮಂಗಳವಾರ

ಇಬ್ಬರು ಹುಡುಗ್ರನ್ನ ಒಮ್ಮೆಲೆ ಕೊಟ್ರೇಶನ ಮ್ಯಾಲೆ ಬಿಟ್ಟಿದ್ದೆ. ತಲಿ ಕೆಳಗಾಗಿ ಬಿದ್ದ. ಎದ್ದು ಎಡಗೈ ಝಾಡಿಸಿದ.

"ಬೆರಳು ಜುಮುಜುಮು ಅನ್ನಾಕತ್ತಾವ್ರಿ ವಸ್ತಾದ್ರ."

ಕಪಾಳಕ್ಕ ಕೊಟ್ಟೆ. "ಈಗ ಎಲ್ಲಿ ಜುಮು ಅಂತೈತಿ?"

ಹುಡುಗ್ರು ನಕ್ಕರು. ಅವನೂ ನಕ್ಕ. ತುಟಿ ಒಡದಿತ್ತು. ಜರ್ಮನಿಯಾಂವನ ಮುಂದ ಎಲ್ಲಾರನ್ನೂ ನಿಂದ್ರಿಸಿ ಹೇಳಿದೆ — ಕುತ್ತಿಗಿ ಮುರಕೊಂಡು ಹದಿನೇಳು ನಿಮಿಷ ಆಡಿದಾಂವ ಇಲ್ಲಿ ನಿಂತಾನ, ನಿಮಗ ಬೆರಳಿಂದು ಚಿಂತಿ. ಕೊಟ್ರೇಶ ಹೋಗಿ ಫೋಟೋದ ಕಾಲು ಮುಟ್ಟಿ ಬಂದ.

ಜನವರಿ 19, ಸೋಮವಾರ

ಬರೀಬಾರದು ಅಂದ್ಕೊಂಡಿದ್ದೆ.

ವಾಣಿಶ್ರೀಗೆ ಯಾರೋ ಕಪಾಳದ ಸುದ್ದಿ ಹೇಳ್ಯಾರ. ಮೊಬೈಲ್ ಹಿಡಕೊಂಡು ಅಡಗಿ ಮನೀಗೆ ಬಂದ್ಲು. ನಾ ಉಣ್ಣಾಕ ಕುಂತಿದ್ದೆ.

"ಅಜ್ಜಾ, ನೀ ಅರ್ಧಾ ಕಥಿ ಹೇಳ್ತಿ. ಕುತ್ತಿಗಿ ಮುರದದ್ದು ಟ್ರಾಟಮನ್‌ಗ ಗೊತ್ತ ಇರಲಿಲ್ಲ. ನಾಕು ದಿನಾ ಕಳದ ಮ್ಯಾಲೆ ಎಕ್ಸರೇದಾಗ ಗೊತ್ತಾತು. ಒಂದು ಎಲಬು ಇನ್ನೊಂದಕ್ಕ ಸಿಕ್ಕೊಂಡಿತ್ತಂತ, ಅದಕ್ಕ ಉಳದ. ಇಲ್ಲಾಂದ್ರ ಅಲ್ಲೇ ಸಾಯ್ತಿದ್ದ."

"ಉಳದನಲಾ?"

"ಫುಜಿಮೊಟೊಗ ಕೇಳಿದ್ರಂತ, ಮತ್ತ ಹಂಗ ಜಿಗೀತಿಯೇನು ಅಂತ. ಇಲ್ಲ ಅಂದ. ಅಲಿ ದವಡಿ ಮುರಕೊಂಡ ಮ್ಯಾಚ್ ಸೋತಾನ, ಗೊತ್ತೇನು? ಮುಂದ ಒಲಿಂಪಿಕ್ ಜ್ಯೋತಿ ಹಿಡದಾಗ ಅವನ ಕೈ ಹೆಂಗ ನಡಗತಿತ್ತು ತೋರಸ್ಲೇನು? ನೋಡು. ನೋಡು ಅಜ್ಜಾ. ಕೊಟ್ರೇಶಣ್ಣನ ಎಕ್ಸರೇ ತಗಸು. ನಿಂಗ ಶಿಷ್ಯಾ ಬೇಕೋ ಫೋಟೋ ಬೇಕೋ?"

ಚರಗಿ ಒಗದೆ. ತಾಮ್ರದ್ದು, ನೀರು ತುಂಬಿತ್ತು. ಆಕಿ ಹುಬ್ಬಿಗೆ ಬಡೀತು. ನಾಕು ಹೊಲಿಗಿ.

ಅಳಲಿಲ್ಲ ಹುಡುಗಿ. ಸೆರಗಿಲೆ ರಗತಾ ಒರಸಿದ ಸುಮಿತ್ರವ್ವ, ನನ್ನ ಕೂಡ ಐವತ್ತು ವರ್ಷ ಬಾಳೇವು ಮಾಡಿದಾಕಿ, ಒಂದ ಮಾತಂದ್ಲು: "ಕಣಾ ಹೊರಗೈತಿ. ಇದು ಮನಿ."

ವಾಣಿಶ್ರೀ ಮುಂಡರಗಿಗೆ ಹೋದ್ಲು, ಸ್ವಾದರಮಾವನ ಮನಿಗೆ.

ಜನವರಿ 23, ಶುಕ್ರವಾರ

ಸುಮಿತ್ರವ್ವ ದೂರದಿಂದನ ರೊಟ್ಟಿ ತಾಟಿಗೆ ಒಗೀತಾಳ.

ಕೊಟ್ರೇಶ ಹಾಲು ಕುಡಿಯಾಕ ಹೋಗಿ ಲೋಟಾ ಕೆಡವಿದ. ಎಡಗೈಯಾಗಿಂದು. ನನ್ನ ಮಾರಿ ನೋಡಿದ. ನಾ ಗ್ವಾಡಿ ನೋಡಿದೆ.

ಜನವರಿ 30, ಶುಕ್ರವಾರ. ಸಂಜಿ

ಎಲ್ಲಾರನ್ನೂ ಕಳಿಸಿ ಕೊಟ್ರೇಶನ್ನ ನಿಲ್ಲಿಸಿಕೊಂಡೆ. ನನ್ನ ಎರಡು ಬೆರಳು ಮುಂದ ಹಿಡದು, ಎಡಗೈಲೆ ಹಿಚಕು ಅಂದೆ. ಹಿಚಕಿದ. ಕೂಸಿನ ಹಿಡತ.

"ಕುಸ್ತಿ ಮುಂದಕ್ಕ ಹಾಕೂಣೇನು?" ಅಂದೆ. ನನ್ನ ಬಾಯಾಗ ಈ ಮಾತು ಹೆಂಗ ಬಂತೋ.

ಬಗ್ಗಿ ಕಣದ ಮಣ್ಣು ತಗೊಂಡು ನನ್ನ ಮುಷ್ಟ್ಯಾಗ ತುಂಬಿದ. "ಮುಂದಕ್ಕ ಹಾಕಿದ್ರ ನಮ್ಮನ್ನೂ ಬೋಳ್ಯಾರು ಅಂತಾರ್ರಿ. ಆಣಿ ಮಾಡ್ರಿ ವಸ್ತಾದ್ರ. ಏನ ಆಗಲಿ, ಪಟಗಾ ಒಗ್ಯಾಂಗಿಲ್ಲ."

ನಾ ಕಲಿಸಿದ ಮಾತು. ಅವನ ಬಾಯಿಲೆ ಕೇಳಿದ್ರ ಬ್ಯಾರೆ ಕೇಳಿಸ್ತು.

ಮಾಡಿದೆ.

ಫೆಬ್ರವರಿ 1, ಭಾನುವಾರ. 11 ಗಂಟೆ, ಲಕ್ಷ್ಮೇಶ್ವರ

ಮಂದಿ ಗಿಡಾ ಏರ್ಯಾರ. ಹಲಗಿ ಬಾರಿಸಾಕತ್ತಾರ. ರಿವಾಜಿನ ಪ್ರಕಾರ ಮತ್ತೊಮ್ಮೆ ಜೋಡಿ ನೋಡಿದ್ವಿ. ಪುಂಡಲೀಕಪ್ಪ ಕೊಟ್ರೇಶನ ಕುತ್ತಿಗಿ ಮ್ಯಾಲೆ ಕೈ ಇಟ್ಟ. ಕೈ ತಗೀಲೇ ಇಲ್ಲ. ಹೆಗಲಿಗೆ ಇಳಿಸಿದ, ತೋಳಿಗೆ ಇಳಿಸಿದ.

ನನ್ನ ಕಿವಿ ಹತ್ರ ಬಂದ. "ಎಡಗಡೆ ಸತ್ತೈತಲ್ಲೋ ಇದು."

"ನಿನ್ನ ಕೈ ಸತ್ತೈತಿ. ಹೋಗು."

ಪಟಗಾ ಬಿಗಿ ಮಾಡ್ಕೊಂಡೇನಿ. ಕರ್ಯಾಕತ್ತಾರ.

ಫೆಬ್ರವರಿ 2, ಸೋಮವಾರ. ಹುಬ್ಬಳ್ಳಿ, ದವಾಖಾನಿ ಕಟ್ಟಿ

ಇದ್ದದ್ದು ಇದ್ದಂಗ ಬರೀತೀನಿ.

ಮೊದಲ ಆರು ನಿಮಿಷ ಕೊಟ್ರೇಶಂದು. ಬಲಗೈ ಒಂದರಲೆ ಸುದೀಪನ್ನ ಎರಡ ಸಲ ಎಳದು ಕೆಡವಿದ. ಮಾರಿ ಮಣ್ಣಿಗೆ ತಿಕ್ಕಿದ, ಸುದೀಪನ ಮೂಗಿನಾಗಿಂದ ರಗತಾ ಬಂತು. ಮಂದಿ ಹೋ ಅಂದ್ರು. ನಾನೂ ಒದರಿದೆ — ತಿಕ್ಕಲೇ, ಇನ್ನೂ ತಿಕ್ಕು.

ಆಮ್ಯಾಲೆ ಸುದೀಪ ಎಡಗಡೆಯಿಂದ ಬಂದ. ಎಡಗೈ ತಡೀಲಿಲ್ಲ. ಕುತ್ತಿಗಿ ಬಗಲಾಗ ಹಿಡದು, ಸೊಂಟದ ಮ್ಯಾಲೆ ಎತ್ತಿ ಒಗದ. ಕೊಟ್ರೇಶ ತಲಿ ಮ್ಯಾಲೆ ಬಿದ್ದ. ಬೆನ್ನು ಮಣ್ಣಿಗೆ ಹತ್ತಲಿಲ್ಲ. ಹಸೀ ಕಬ್ಬು ಮುರದಂಗ ಸಪ್ಪಳಾತು. ಹಲಗಿ ನಡುವನೂ ಕೇಳ್ತು.

ಎದ್ದ.

ಎದ್ದ ಅವ. ಕಾಲು ಅಗಲ ಮಾಡಿ ನಿಂತ. ಎಡಗೈ ಹಗ್ಗದಂಗ ಜೋತಿತ್ತು. ನನ್ನ ಕಡೆ ನೋಡಿ ನಕ್ಕ, ಜರ್ಮನಿಯಾಂವನ ಫೋಟೋ ನೋಡಿದಾಗ ನಗೂ ಹಂಗ. ಹತ್ತು ಸಾವಿರ ಮಂದಿ ಕುಣದ್ರು.

ನನ್ನ ಕೈ ಪಟಗಾದ ಮ್ಯಾಲಿತ್ತು. ಗಂಟು ಬೆರಳಿಗೆ ಸಿಕ್ಕಿತ್ತು.

ಕಣದ ಆಚೆ ಕಡೆಯಿಂದ ಪುಂಡಲೀಕಪ್ಪ ಒದರಿದ: "ಹುಚ್ಚೀರಪ್ಪಾ! ಒಗಿಯೋ! ಹುಡುಗ ಸಾಯ್ತಾನ, ಒಗಿಯೋ ಸೂಳೆಮಗನ!"

ನಾ ಒಗೀಲಿಲ್ಲ.

ಸುದೀಪ ಮತ್ತ ಕುತ್ತಿಗಿಗೆ ಕೈ ಹಾಕಿದ. ಅಷ್ಟರಾಗ ಕಣದಾಗ ಪಟಗಾ ಬಿತ್ತು. ಬಿಳೇದು, ಕೆಂಪು ಅಂಚು. ನಂದು ಹಸರು.

ಗೆಲ್ಲೂ ಶಿಷ್ಯಾನ ವಸ್ತಾದ ಪಟಗಾ ಒಗದದ್ದು ನಾ ಹುಟ್ಟಿದಾಗಿಂದ ನೋಡಿಲ್ಲ, ಕೇಳಿಲ್ಲ. ಪುಂಡಲೀಕಪ್ಪ ಬೋಳು ತಲೀಲೆ ಕಣಕ್ಕ ಇಳದು ಸುದೀಪನ್ನ ಒದ್ದು ಬಿಡಿಸಿದ.

ತೀರ್ಪು ಕೊಡೂ ಸರಪಂಚ ಕೊಟ್ರೇಶನ ಕೈ ಎತ್ತಿದ. ಬೆಟಗೇರಿ ಗೆಲ್ತು.

ನಮ್ಮ ಹುಡುಗ್ರು ನುಗ್ಗಿದ್ರು. ಗೆದ್ದಾವನ್ನ ಹೆಗಲ ಮ್ಯಾಲೆ ಹೊತ್ತು ಕುಣಸೂದು ರೂಢಿ. ಒಬ್ಬ ಕಾಲು ಹಿಡದ, ಒಬ್ಬ ಬಗಲಾಗ ಕೈ ಹಾಕಿದ. ಎತ್ತಿದ್ರು. ಕೊಟ್ರೇಶನ ತಲಿ ಹಿಂದಕ್ಕ ಹೊರಳ್ತು. ಬಾಯಿ ತೆರದಿತ್ತು, ದನಿ ಇಲ್ಲ.

ಬಡಗಿ ತಗೊಂಡು ಜಿಗದೆ. ನನ್ನ ಗರಡಿ ಹುಡುಗ್ರನ್ನ, ನಾ ಹಾಲು ಕುಡಿಸಿ ಬೆಳಸಿದವ್ರನ್ನ, ಕಂಡ ಕಂಡಲ್ಲಿ ಹೊಡದೆ. ಒಬ್ಬನ ಮುಂಗೈ ಮುರೀತು. ಒಬ್ಬನ ಹಲ್ಲು ಹೋದ್ವು. "ಇಳಸ್ರಲೇ! ಇಳಸ್ರಿ!" ಮುದುಕಗ ತಲಿ ಕೆಟ್ಟೈತಿ ಅಂದ್ರು. ಪುಂಡಲೀಕಪ್ಪ ಒಂದೇ ಕೈಲೆ ಹುಡುಗನ ತಲಿ ಹಿಡದ, ನಾ ಹೆಗಲು ಹಿಡದೆ. ಹಂಗ ಮಣ್ಣಾಗ ಮಲಗಿಸಿದ್ವಿ. ಅಂಬುಲೆನ್ಸ್ ಬರೂತನಕ ಅವ ಆ ತಲಿ ಬಿಡಲಿಲ್ಲ. ನಡಕ್ಕೊಮ್ಮೆ ಅಂದ, "ಶಿರಹಟ್ಟ್ಯಾಗ ನಮ್ಮ ವಸ್ತಾದ ತಡಾ ಮಾಡಿದ್ರ ನಾನೂ ಹಿಂಗ..."

ಒಳಗ ಆಪರೇಷನ್ ನಡದೈತಿ.

ಫೆಬ್ರವರಿ 11, ಬುಧವಾರ

ಕೊಟ್ರೇಶನ ಕಾಲಾಗ ಜೀಂವ ಬಂದೈತಿ. ಎಡಗೈ ಬಂದಿಲ್ಲ. ಬರೂದಿಲ್ಲಂತ. ಕುಸ್ತಿ ಮುಗೀತು.

ವಾಣಿಶ್ರೀ ನೋಡಾಕ ಬಂದಿದ್ಲು. ಹುಬ್ಬಿನ ಹೊಲಿಗಿ ಬಿಚ್ಯಾರ, ಗೆರಿ ಉಳದೈತಿ. ಅವನ ತಲಿ ಬಾಚಿದ್ಲು. ನನ್ನ ಬಾಜೂಕ ಹಾದು ಹೊರಗ ಹೋದ್ಲು. ನಾ ತಪ್ಪಾತು ಅನ್ನಲಿಲ್ಲ. ಬಾಯಿಗೆ ರೂಢಿ ಇಲ್ಲ.

ಕೊಟ್ರೇಶಗ ಅವತ್ತಿಂದು ಅರ್ಧಾ ನೆನಪೈತಿ.

"ಸುದೀಪ ಸೋತಾ ಅಲ್ರಿ? ಅವರ ವಸ್ತಾದ ಅಂಜಿ ಪಟಗಾ ಒಗದ, ಅಲ್ರಿ? ಹುಡುಗ್ರು ಹೇಳಿದ್ರು. ನನ್ನ ಫೋಟೋ ಜರ್ಮನಿಯಾಂವನ ಬಾಜೂಕ ಹಾಕ್ರಿ ವಸ್ತಾದ್ರ."

ಹೂಂ ಅಂದೆ.

ಫೆಬ್ರವರಿ 15, ಭಾನುವಾರ. ಬೆಳಿಗ್ಗೆ

ಕೊಟ್ರೇಶನ ಫೋಟೋಕ್ಕ ಕಟ್ಟು ಹಾಕಿಸಿ ತಂದೆ. ಮೊಳಿ ಹೊಡದೆ. ಹುಡುಗ್ರು ಬಂದು ಕಾಲು ಮುಟ್ಟಿದ್ರು.

ಒಬ್ಬ ಮುಟ್ಟಲಿಲ್ಲ. ಬಲಗೈ ಬೆನ್ನ ಹಿಂದ ಇಟ್ಕೊಂಡು ನಿಂತಿದ್ದ. ಎಳದು ನೋಡಿದೆ. ಮಣಿಕಟ್ಟು ಬದನಿಕಾಯಿ ಆಗಿತ್ತು. ಮೂರು ದಿನದಿಂದ ಹಂಗೈತಂತ.

"ಯಾಕ ಹೇಳಲಿಲ್ಲಲೇ?"

"ಕೊಟ್ರೇಶಣ್ಣ ಹೇಳಿದ್ನೇನ್ರಿ? ಕುತ್ತಿಗಿ ಮುರದರೂ ಗೆದ್ದ."

ಕೈ ಎತ್ತಿದೆ. ಅವ ಕಪಾಳ ಮುಂದ ಮಾಡಿ ನಿಂತ. ಹೊಡೀಲಿ ಅಂತ ಕಾದು ನಿಂತ. ಕೈ ಹಂಗ ಮ್ಯಾಲೆ ಉಳೀತು. ದವಾಖಾನಿಗೆ ಕಳಿಸಿದೆ.

ಪಟಗಾ ಬಿಚ್ಚಿ ಮೊಳಿಗೆ ಹಾಕೇನಿ. ಫೋಟೋ ಕೆಳಗ ಕಾಗದ ಹಚ್ಚಬೇಕು, ಪೂರ್ತಿ ಕಥಿ. ವಾಣಿಶ್ರೀಗೆ ಬರೀ ಅಂದ್ರ ಚಂದ ಬರೀತಾಳ. ಆಕಿ ಕೈಲೆ ಬ್ಯಾಡ. ನಾನ ಬರೀಬೇಕು. ಮೊದಲು ಇಲ್ಲಿ ಬರದು ನೋಡತೀನಿ.

ಇವನ ಹೆಸರು ಕೊಟ್ರೇಶ, ಕುರ್ತಕೋಟಿ. ಇಂವ ಗೆದ್ದಿಲ್ಲ. ಇವನ್ನ ಉಳಿಸಿದಾಂವ ಲಕ್ಷ್ಮೇಶ್ವರದ ಪುಂಡಲೀಕಪ್ಪ. ಅವತ್ತು ಪಟಗಾ ಒಗೀಬೇಕಾದಾಂವ ನಾನು, ಹುಚ್ಚೀರಪ್ಪ. ಗಂಟು ಕೈಯಾಗಿತ್ತು. ಒಗೀಲಿಲ್ಲ. ಯಾಕಂದ್ರ